ಹೆಸರಿಲ್ಲದ ಸಿಪಾಯಿಯ ಫೋಟೋ

ನಿಮ್ಮಲ್ಲಿ ಕೆಲವರಾದರೂ ಶಾಲೆಯಿಂದ ಗೆಟ್ಟಿಸ್‌ಬರ್ಗ್‌ಗೆ ಫೀಲ್ಡ್ ಟ್ರಿಪ್ ಹೋಗಿ ಬಂದಿರುತ್ತೀರಿ. ನನ್ನ ಮಗನೂ ಹೋಗಿದ್ದ. ಬರುವಾಗ ಅಂಗಡಿಯಿಂದ ಹಳೆಯ ಸೀಸದ ಗುಂಡೊಂದನ್ನು ಕೊಂಡು ತಂದ. ನಮ್ಮ ಮನೆಯಲ್ಲಿ ಸಿವಿಲ್ ವಾರ್ ಹುಚ್ಚು ಹತ್ತಿದ್ದು ಆ ಗುಂಡಿನಿಂದಲೇ. ಆದರೆ ನನಗೆ ಗುಂಡಿಗಿಂತ ಹೆಚ್ಚು ಹಿಡಿಸಿದ್ದು ಆ ಕಾಲದ ಸಿಪಾಯಿಗಳ ಫೋಟೋಗಳು. ಅವುಗಳ ಬಗ್ಗೆಯೇ ಇವತ್ತಿನ ಮಾತು.

1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಹೊರಡುವ ಮೊದಲು ಹೊಸ ಸಮವಸ್ತ್ರ ತೊಟ್ಟು ಒಂದು ಫೋಟೋ ತೆಗೆಸಿ ಮನೆಯವರ ಕೈಗೆ ಕೊಟ್ಟು ಹೋಗುವುದು ಆಗ ಎಲ್ಲೆಲ್ಲೂ ಇದ್ದ ರೂಢಿ. ಅಂಥ ಸಾವಿರಾರು ಫೋಟೋಗಳು ಈಗಲೂ ಉಳಿದಿವೆ, ಮಾರಾಟಕ್ಕೂ ಬರುತ್ತವೆ. ಬಹುಪಾಲು ಫೋಟೋಗಳಲ್ಲಿ ಹೆಸರೇ ಇಲ್ಲ. ಅಮ್ಮನಿಗೆ ಮಗನ ಫೋಟೋದ ಹಿಂದೆ ಹೆಸರು ಬರೆಯಬೇಕು ಅನಿಸುವುದಿಲ್ಲ ನೋಡಿ. ನಮ್ಮ ಊರುಗಳ ಹೊರಗೆ ನಿಂತಿರುವ ವೀರಗಲ್ಲುಗಳದ್ದೂ ಇದೇ ಕಥೆ. ಶಾಸನವಿದ್ದರೆ ಯಾರು, ಯಾಕೆ ಸತ್ತರು ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಕತ್ತಿ ಹಿಡಿದ ಯಾರೋ ಒಬ್ಬ, ಅಷ್ಟೇ.

ಈ ಫೋಟೋಗಳಲ್ಲಿ ಮುಖ್ಯವಾಗಿ ಮೂರು ಬಗೆ ನಿಮ್ಮ ಕಣ್ಣಿಗೆ ಬೀಳುತ್ತವೆ. ಗಾಜಿನ ಮೇಲೆ ತೆಗೆದದ್ದು ಆಂಬ್ರೊಟೈಪ್. ತೆಳು ತಗಡಿನ ಮೇಲೆ ತೆಗೆದದ್ದು ಟಿನ್‌ಟೈಪ್. ಹೆಸರಲ್ಲಿ ಟಿನ್ ಇದ್ದರೂ ಅದು ಕಬ್ಬಿಣದ ತಗಡು, ಅಯಸ್ಕಾಂತ ಹಿಡಿದರೆ ಅಂಟುತ್ತದೆ. ಮೂರನೆಯದು ಕಾಗದದ ಫೋಟೋವನ್ನು ಸಣ್ಣ ರಟ್ಟಿಗೆ ಅಂಟಿಸಿದ್ದು, ಕಾರ್ಟ್ ಡಿ ವಿಸಿಟ್ ಅಂತಾರೆ. ಮೊದಲಿನ ಎರಡರಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ಬೆಲ್ಟಿನ ಬಕಲ್ ಮೇಲಿನ ಅಕ್ಷರಗಳು ಉಲ್ಟಾ ಕಾಣುತ್ತವೆ, ಬಲಗೈಯವನು ಎಡಚನಾಗುತ್ತಾನೆ. ಗಾಜಿನ ಮತ್ತು ತಗಡಿನ ಫೋಟೋಗಳನ್ನು ಪುಟ್ಟ ಡಬ್ಬಿಗಳಲ್ಲಿ ಕೂರಿಸಿ ಕೊಡುತ್ತಿದ್ದರು. ಅದರಲ್ಲಿ ಯೂನಿಯನ್ ಕೇಸ್ ಅಂತ ಒಂದು ಜಾತಿ. ಉತ್ತರದವರ ಯೂನಿಯನ್ ಸೇನೆಗೂ ಆ ಹೆಸರಿಗೂ ಸಂಬಂಧವಿಲ್ಲ. ಅರಗು ಮತ್ತು ಮರದ ಪುಡಿ ಬೆರೆಸಿ ಅಚ್ಚು ಒತ್ತಿ ಮಾಡಿದ ಡಬ್ಬಿ ಅದು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸುವ ಅರಗೇ! ಆಗ ಅರಗು ಭಾರತದಿಂದ ಹಡಗು ಹತ್ತಿ ಬರುತ್ತಿದ್ದ ಸರಕು. ಇದು ಗೊತ್ತಾದ ದಿನ ನನಗೆ ಆದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಕಾರ್ಟ್ ಡಿ ವಿಸಿಟ್‌ನ ಹಿಂಭಾಗ ಮರೆಯದೆ ನೋಡಿ. ಯುದ್ಧದ ಖರ್ಚಿಗಾಗಿ ಸರ್ಕಾರ ಫೋಟೋಗಳ ಮೇಲೂ ತೆರಿಗೆ ಹಾಕಿತ್ತು. 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್ ಮೊದಲ ದಿನದವರೆಗೆ ಫೋಟೋದ ಹಿಂದೆ ತೆರಿಗೆಯ ಸ್ಟಾಂಪ್ ಅಂಟಿಸಲೇಬೇಕಿತ್ತು. ಹಾಗಾಗಿ ಸ್ಟಾಂಪ್ ಇದ್ದರೆ ಫೋಟೋ ಮಾರಿದ ಕಾಲ ಸುಮಾರಾಗಿ ಸಿಕ್ಕಿಬಿಡುತ್ತದೆ.

ನಾನು ಮೊದಲ ಸಲ ಕೊಂಡಾಗ ಚೆನ್ನಾಗಿಯೇ ಮೋಸಹೋದೆ. ಹಳೆ ಸಾಮಾನಿನ ಸಂತೆಯೊಂದರಲ್ಲಿ 60 ಡಾಲರ್ ಕೊಟ್ಟು ಗಡ್ಡದ ಸಿಪಾಯಿಯ ಟಿನ್‌ಟೈಪ್ ತಂದೆ. ಅಕ್ಷರ ಉಲ್ಟಾ ಇತ್ತು, ಅಯಸ್ಕಾಂತವೂ ಅಂಟಿತು. ಮಗ ಭೂತಗನ್ನಡಿ ಹಿಡಿದು ನೋಡಿ, "ಅಮ್ಮಾ, ಇವನ ಮಣಿಕಟ್ಟು ನೋಡು" ಅಂದ. ಬಿಸಿಲಿಗೆ ಕಪ್ಪಾದ ಕೈಯಲ್ಲಿ ವಾಚ್ ಕಟ್ಟುವ ಜಾಗ ಮಾತ್ರ ಬೆಳ್ಳಗೆ! 1860ರ ದಶಕದ ಸಿಪಾಯಿ ಕೈಗೆ ವಾಚ್ ಎಲ್ಲಿ ಕಟ್ಟಿದ? ಯುದ್ಧದ ದೃಶ್ಯಗಳನ್ನು ವೇಷ ಹಾಕಿ ಅಭಿನಯಿಸುವವರು ಇಂದಿಗೂ ಅದೇ ಹಳೆಯ ವಿಧಾನದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥದ್ದೊಂದು ಕೈಯಿಂದ ಕೈಗೆ ಹೋಗಿ ಅಸಲಿ ಆಗಿಬಿಟ್ಟಿತ್ತು.

ಹೆಸರಿಗೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಏಮಸ್ ಹ್ಯೂಮಿಸ್ಟನ್ ಕಥೆ ಕೇಳಿ. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಊರೊಳಗೆ ಒಬ್ಬ ಸಿಪಾಯಿಯ ಶವ ಸಿಕ್ಕಿತು. ಗುರುತು ಹೇಳುವ ಕಾಗದ ಒಂದೂ ಇಲ್ಲ. ಕೈಯಲ್ಲಿ ಮೂರು ಮಕ್ಕಳ ಆಂಬ್ರೊಟೈಪ್ ಒಂದೇ. ಆ ಕಾಲದ ಪತ್ರಿಕೆಗಳಿಗೆ ಫೋಟೋ ಅಚ್ಚು ಹಾಕಲು ಬರುತ್ತಿರಲಿಲ್ಲ. ಹಾಗಾಗಿ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಪತ್ರಿಕೆ ಆ ಚಿತ್ರವನ್ನು ಮಾತಿನಲ್ಲೇ ವರ್ಣಿಸಿತು: ಮಕ್ಕಳ ವಯಸ್ಸು ಸುಮಾರು ಎಷ್ಟು, ಯಾರು ಎಲ್ಲಿ ಕೂತಿದ್ದಾರೆ, ದೊಡ್ಡ ಹುಡುಗನ ಅಂಗಿ ಮತ್ತು ಹುಡುಗಿಯ ಫ್ರಾಕ್ ಒಂದೇ ಬಟ್ಟೆಯದು ಅನ್ನುವುದರವರೆಗೆ. ಬೇರೆ ಪತ್ರಿಕೆಗಳೂ ಅದನ್ನು ಹಾಕಿದವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಊರಿನಲ್ಲಿ ಫಿಲಿಂಡಾ ಹ್ಯೂಮಿಸ್ಟನ್‌ಗೆ ಈ ಸುದ್ದಿ ತಲುಪಿತು. ಗೆಟ್ಟಿಸ್‌ಬರ್ಗ್ ನಂತರ ಗಂಡನ ಕಾಗದ ಬಂದಿರಲಿಲ್ಲ. ನವೆಂಬರ್‌ನಲ್ಲಿ ಆಕೆಯ ಕೈಗೆ ಬಂದ ಫೋಟೋ ಪ್ರತಿಯಲ್ಲಿದ್ದದ್ದು ಆಕೆಯದೇ ಮಕ್ಕಳು. ಫ್ರ್ಯಾಂಕ್, ಆಲಿಸ್, ಫ್ರೆಡ್. ಒಂದೇ ಥಾನಿನಿಂದ ಎರಡು ಮಕ್ಕಳಿಗೆ ಬಟ್ಟೆ ಹೊಲಿಸಿದ ನನ್ನಂಥವರಿಗೆ ಆ ಅಂಗಿ ಮತ್ತು ಫ್ರಾಕ್ ಸುಲಭಕ್ಕೆ ಮರೆಯುವಂಥದ್ದಲ್ಲ. ಈಗ ಗೆಟ್ಟಿಸ್‌ಬರ್ಗ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಅವನ ಸಮಾಧಿಗೆ ಹೆಸರಿದೆ.

ಎಲ್ಲರಿಗೂ ಅಷ್ಟು ಅದೃಷ್ಟ ಇರಲಿಲ್ಲ. ವರ್ಜೀನಿಯಾದ ಲಿಲ್ಯೆನ್‌ಕ್ವಿಸ್ಟ್ ಎಂಬ ತಂದೆ ಮತ್ತು ಮಕ್ಕಳು ಸೇರಿ ಕೂಡಿಸಿದ ನೂರಾರು ಫೋಟೋಗಳನ್ನು 2010ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ದಾನ ಕೊಟ್ಟರು. ಆಮೇಲೂ ಕೊಡುತ್ತ ಬಂದರು. ಅವನ್ನೆಲ್ಲ ಮನೆಯಲ್ಲೇ ಕೂತು ನೋಡಬಹುದು, ಕಾಸು ಖರ್ಚಿಲ್ಲ. ಅದರಲ್ಲಿ ಒಬ್ಬ ಕಪ್ಪು ಸಿಪಾಯಿ, ಪಕ್ಕದಲ್ಲಿ ಹೆಂಡತಿ, ಒಂದೇ ಥರ ಉಡುಪು ತೊಟ್ಟ ಇಬ್ಬರು ಹೆಣ್ಣುಮಕ್ಕಳು ಇರುವ ಫೋಟೋ ಇದೆ. ಹೆಸರು ಗೊತ್ತಿಲ್ಲ. ಅದು ಸಿಕ್ಕಿದ್ದು ಮೇರಿಲ್ಯಾಂಡ್‌ನ ಸೆಸಿಲ್ ಕೌಂಟಿಯಲ್ಲಿ. ಆದ್ದರಿಂದ ಅವನು ಆ ರಾಜ್ಯದಲ್ಲಿ ಕಟ್ಟಿದ ಏಳು ಕಪ್ಪು ರೆಜಿಮೆಂಟುಗಳಲ್ಲಿ ಒಂದರವನು ಇರಬಹುದು ಅನ್ನುವ ಊಹೆ. ಸಿಕ್ಕಿದ ಜಾಗವೂ ಸಾಕ್ಷಿ, ಅದನ್ನು ಬರೆದಿಡಬೇಕು.

ಹೆಸರು ಇದ್ದೂ ಕಥೆ ತಪ್ಪಾಗುವುದುಂಟು. ದಕ್ಷಿಣದ ಸೇನೆಯ ಆಂಡ್ರ್ಯೂ ಚಾಂಡ್ಲರ್ ಎಂಬ ಬಿಳಿಯ ಸಿಪಾಯಿಯ ಪಕ್ಕ ಸೈಲಸ್ ಚಾಂಡ್ಲರ್ ಎಂಬ ಕಪ್ಪು ಯುವಕ ಕೂತಿರುವ ಟಿನ್‌ಟೈಪ್ ಇದೆ. ಇಬ್ಬರ ಬಳಿಯೂ ಆಯುಧ. ನೋಡಿ, ಕಪ್ಪು ಜನರೂ ದಕ್ಷಿಣದ ಪರ ಹೋರಾಡಿದ್ದರು ಅಂತ ಇದನ್ನು ತೋರಿಸಿ ವಾದಿಸಿದವರು ಬಹಳ. ಸೈಲಸ್ ಸಿಪಾಯಿಯಲ್ಲ, ಆ ಮನೆತನದ ಗುಲಾಮ. ಅವನ ವಂಶದವರೇ ಮುಂದೆ ಬಂದು ಆ ವಾದವನ್ನು ವಿರೋಧಿಸಿದರು.

ಈಗ ಮುಖ ಗುರುತಿಸುವ ತಂತ್ರಜ್ಞಾನ ಬಳಸಿ ಹೆಸರು ಹುಡುಕುವ ಸಿವಿಲ್ ವಾರ್ ಫೋಟೋ ಸ್ಲೂತ್ ಎಂಬ ಯೋಜನೆಯಿದೆ. ನಿಮ್ಮ ವಯಸ್ಸಿನವರಿಗೆ ಹೇಳಿ ಮಾಡಿಸಿದ ಕೆಲಸ. ಮುಖ ಹೋಲಿದರೆ ಸಾಲದು, ಸಮವಸ್ತ್ರ, ದರ್ಜೆಯ ಪಟ್ಟಿ, ಸ್ಟುಡಿಯೋ ಇದ್ದ ಊರು ಎಲ್ಲ ಹೊಂದಬೇಕು.

ಗುಂಡು, ಬಕಲ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಾಷ್ಟ್ರೀಯ ಯುದ್ಧಭೂಮಿಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆಯುವುದು ಅಪರಾಧ. ಸೀಸದ ಗುಂಡು ಮುಟ್ಟಿದರೆ ಕೈ ತೊಳೆದು ಊಟ ಮಾಡಿ. ಫಿರಂಗಿ ಗುಂಡು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ಫೋನ್ ಮಾಡಿ. 2008ರಲ್ಲಿ ವರ್ಜೀನಿಯಾದಲ್ಲಿ ಅನುಭವಿ ಸಂಗ್ರಾಹಕರೊಬ್ಬರು ಅಂಥದ್ದು ಸಿಡಿದೇ ಸತ್ತರು.

ನಮ್ಮ ಮನೆಯಲ್ಲಿ ಈಗ ಅಸಲಿ ಫೋಟೋ ಇರುವುದು ಒಂದೇ, ಒಂದು ಕಾರ್ಟ್ ಡಿ ವಿಸಿಟ್. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ಹಿಂದೆ ಎರಡು ಸೆಂಟಿನ ಸ್ಟಾಂಪ್, ಒಹಾಯೋದ ಸಣ್ಣ ಊರೊಂದರ ಸ್ಟುಡಿಯೋ ಹೆಸರು. ಆ ಊರಿನಿಂದ ಸೇನೆ ಸೇರಿದವರ ಪಟ್ಟಿಯನ್ನು ಮಗ ಪ್ರತಿ ಶನಿವಾರ ಹುಡುಕುತ್ತಾನೆ. ಸದ್ಯಕ್ಕೆ ಹನ್ನೊಂದು ಹೆಸರು ಉಳಿದಿವೆ.