ಒಂದೇ ಎಲೆ, ನಾಲ್ಕು ರುಚಿ

ನಮ್ಮ ಮನೆಯಲ್ಲಿ ಸಂಜೆ ನಾಲ್ಕು ಗಂಟೆಯೆಂದರೆ ಚಹಾದ ಹೊತ್ತು. ಮಾಸೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ನಾನು, ನನ್ನ ಹೆಂಡತಿ, ನೆರೆಯವರು ಕಪ್ಪು-ಬಸಿ ಹಿಡಿದು ಕೂತರೆ ಮಳೆ, ಗೋವಿನಜೋಳದ ದರ, ಮದಗದ ಕೆರೆ ಕೋಡಿ ಬಿತ್ತೋ ಇಲ್ಲವೋ ಎಂಬ ಸುದ್ದಿ, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿತ್ತು.

ಹೋದ ವರ್ಷ ವೈದ್ಯರು ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದರು. ಚಹಾಕ್ಕೆ ಸಕ್ಕರೆ ಬಂದ್ ಆಯಿತು. ಸಪ್ಪೆ ಹಾಲಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ, ಚಹಾವನ್ನೇ ಬಿಟ್ಟೆ. ಬೇರೆಯವರು ಕುಡಿಯುವುದನ್ನು ನೋಡುತ್ತ ಕೂರುವುದು ಕಷ್ಟ, ನೋಡಿ. ಮೆಲ್ಲಗೆ ಕಟ್ಟೆಯೂ ತಪ್ಪಿತು. ನಾಲ್ಕು ಗಂಟೆಗೆ ಒಳಗೆ ಗೋಡೆಗೆ ಮುಖಮಾಡಿ ಮಲಗುವ ಚಾಳಿ ಬಿತ್ತು.

ದಸರಾ ರಜೆಗೆ ಮೈಸೂರಿನಿಂದ ಬಂದ ಮೊಮ್ಮಗಳು ಇದನ್ನು ಮೊದಲ ದಿನವೇ ಗಮನಿಸಿದಳು. ಆರನೇ ತರಗತಿಯ ಹುಡುಗಿ. ಅಪ್ಪ-ಅಮ್ಮನ ಜೊತೆ ಊಟಿಗೆ ಹೋಗಿದ್ದಾಗ ಕೊಂಡ ಒಂದು ಪೊಟ್ಟಣ ನನ್ನ ಕೈಗಿಟ್ಟಳು.

“ಅಜ್ಜ, ಇದು ಊಲಾಂಗ್ ಚಹಾ. ಇದಕ್ಕೆ ಸಕ್ಕರೆನೂ ಬೇಡ, ಹಾಲೂ ಬೇಡವಂತೆ.”

ನನ್ನ ಹೆಂಡತಿ ಅದನ್ನು ದಿನದ ಚಹಾದಂತೆಯೇ ಮಾಡಿದಳು. ಶುಂಠಿ ಜಜ್ಜಿ ಹಾಕಿ ಹತ್ತು ನಿಮಿಷ ಕುದಿಸಿದಳು. ಒಂದು ಗುಟುಕು ಕುಡಿದೆವೋ ಇಲ್ಲವೋ, ಮೂವರ ಮುಖವೂ ಕಿವುಚಿತು. ಕಹಿ, ಅದರ ಮೇಲೆ ಒಗರು. “ಹಾಲಿಲ್ಲ, ಸಕ್ಕರಿ ಇಲ್ಲ, ಇದಕ್ಯಾರು ಚಾ ಅಂತಾರ್ರೀ? ಇದು ಕಷಾಯ!” ಎಂದು ಆಕೆ ಬಚ್ಚಲಿಗೆ ಸುರಿದಳು. ನಾನು ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟು ಮತ್ತೆ ಮಲಗಲು ಹೊರಟೆ.

ಹುಡುಗಿ ದಾರಿಗೆ ಅಡ್ಡ ನಿಂತಳು. “ಅಜ್ಜ, ನೀವು ವಿಜ್ಞಾನದ ಮೇಷ್ಟ್ರಾಗಿದ್ದವರು ತಾನೇ? ಒಂದು ಪ್ರಯೋಗ ಕೆಟ್ಟರೆ ಬಿಟ್ಟುಬಿಡೋದಾ?”

ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ ಮಾತನ್ನೇ ಅವಳು ನನಗೆ ತಿರುಗಿಸಿದ್ದಳು. ನಾಚಿಕೆಯಾಯಿತು. ಅಂದಿನಿಂದ ಇಬ್ಬರೂ ಓದಿದೆವು, ಅಳೆದೆವು, ಬರೆದಿಟ್ಟುಕೊಂಡೆವು.

ಮಕ್ಕಳೇ, ನಿಮಗೆ ಗೊತ್ತೇ? ಹಸಿರು ಚಹಾ, ನಾವು ದಿನವೂ ಕುಡಿಯುವ ಕಪ್ಪು ಚಹಾ, ಈ ಊಲಾಂಗ್, ಮೂರಕ್ಕೂ ಗಿಡ ಒಂದೇ. ಬೇರೆಯಾಗುವುದು ಎಲೆ ಕಿತ್ತ ಮೇಲೆ. ಬದನೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದಲ್ಲವೇ? ಕತ್ತರಿಸಿದ ಕಡೆ ಅದರ ರಸಕ್ಕೆ ಗಾಳಿ ತಾಗಿದ್ದೇ ಕಾರಣ. ಚಹಾದ ಎಲೆಯೂ ಹಾಗೆಯೇ. ಕಿತ್ತ ಕೂಡಲೇ ಬಿಸಿ ತಾಗಿಸಿ ಈ ಬದಲಾವಣೆಯನ್ನು ತಡೆದರೆ ಹಸಿರು ಚಹಾ. ಚೆನ್ನಾಗಿ ಹೊಸೆದು ಪೂರ್ತಿ ಕಂದಾಗಲು ಬಿಟ್ಟರೆ ಕಪ್ಪು ಚಹಾ. ಊಲಾಂಗ್ ಇವೆರಡರ ನಡುವಿನದು. ಎಲೆಯನ್ನು ಬಿಸಿಲಲ್ಲಿ ಬಾಡಿಸಿ, ಬಿದಿರಿನ ತಟ್ಟೆಯಲ್ಲಿ ಹಾಕಿ ಕೇರಿದಂತೆ ಕುಲುಕುತ್ತಾರೆ. ಅಂಚು ಮಾತ್ರ ಜಜ್ಜಿ ಕೆಂಪಾಗುತ್ತದೆ, ನಡು ಹಸಿರಾಗಿಯೇ ಉಳಿಯುತ್ತದೆ. ಸರಿಯಾದ ಹದಕ್ಕೆ ಬಿಸಿ ಬಾಣಲೆಯಲ್ಲಿ ಹುರಿದು ನಿಲ್ಲಿಸುತ್ತಾರೆ. ಆ ಹದ ತಿಳಿಯುವುದೇ ಮಾಡುವವರ ವಿದ್ಯೆ.

ಚೀನಾದ ಫೂಜಿಯನ್ ಪ್ರಾಂತ್ಯ ಊಲಾಂಗ್‌ನ ತವರು. ಅಲ್ಲಿಂದ ಅದು ತೈವಾನಿಗೆ ಹೋಗಿ ಹೆಸರಾಯಿತು. ಚೀನೀ ಭಾಷೆಯಲ್ಲಿ ಊಲಾಂಗ್ ಎಂದರೆ ‘ಕಪ್ಪು ಡ್ರ್ಯಾಗನ್’. ಈಗ ನಮ್ಮ ನೆರೆಯ ನೀಲಗಿರಿಯ ಕೆಲವು ತೋಟಗಳಲ್ಲೂ ಇದನ್ನು ಮಾಡುತ್ತಾರೆ. ಅಲ್ಲಿ ಚಹಾ ಬೆಳೆಯುವ ಸಣ್ಣ ರೈತರಲ್ಲಿ ಬಡಗರು ಬಹಳ. ಬಡಗು ಎಂದರೆ ಉತ್ತರ. ಬಡಗಲಿಂದ, ಅಂದರೆ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿದವರು ಎಂದು ಆ ಹೆಸರು. ಅವರ ಮಾತು ಕನ್ನಡಕ್ಕೆ ತೀರ ಹತ್ತಿರ.

ಇನ್ನು ಮಾಡುವ ಬಗೆ. ಸರ್ವಜ್ಞ ನಮ್ಮೂರ ಕಡೆಯವನೆಂಬ ಹೆಮ್ಮೆ ನಮಗಿದೆ. ಅವನ ತ್ರಿಪದಿಗೆ ಮೂರು ಸಾಲಿದ್ದಂತೆ ಈ ಚಹಾಕ್ಕೂ ಮೂರೇ ಸಂಗತಿ: ನೀರು, ಅಳತೆ, ಹೊತ್ತು.

ಮೊದಲು ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಚಹಾ ಮಂಕಾಗುತ್ತದೆ, ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಕುಡಿಯುವ ಸಿಹಿನೀರನ್ನೇ ಕುದಿಸಬೇಕು. ಕುದಿ ಬಂದ ಮೇಲೆ ಇಳಿಸಿ, ಮುಚ್ಚಳ ತೆಗೆದು ಎರಡು ನಿಮಿಷ ಬಿಡಬೇಕು. ಸುಮಾರು 90 ಡಿಗ್ರಿಗೆ ಇಳಿದರೆ ಸಾಕು. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಕುದಿಯುವುದೇ ಸುಮಾರು 93 ಡಿಗ್ರಿಗೆ!

ಎರಡನೆಯದು ಅಳತೆ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ ಎರಡು ಚಹಾ ಚಮಚ ಎಲೆ. ಎಲೆಯ ಮೇಲೆ ನೀರು ಸುರಿದು ಮುಚ್ಚಿಡಬೇಕು. ಮತ್ತೆ ಒಲೆಗೆ ಇಡಬಾರದು. ಬಿಸಿನೀರು ಸುರಿಯುವ ಕೆಲಸ ದೊಡ್ಡವರದು.

ಮೂರನೆಯದು ಹೊತ್ತು: ಮೂರು ನಿಮಿಷ. ಗಡಿಯಾರದ ಬದಲು ನಾವು ಮಗ್ಗಿ ಹಿಡಿದೆವು. ಎರಡರಿಂದ ಹತ್ತರವರೆಗೆ ಮಗ್ಗಿ ಹೇಳಿದರೆ ತೊಂಬತ್ತು ಸಾಲು. ಸಾಲಿಗೆ ಎರಡು ಸೆಕೆಂಡಿನಂತೆ ಸರಿಯಾಗಿ ಮೂರು ನಿಮಿಷ. ಹತ್ಹತ್ಲೆ ನೂರು ಎನ್ನುತ್ತಲೇ ಸೋಸುವುದು.

ಲೋಟದಲ್ಲಿ ಜೇನಿನ ಬಣ್ಣದ ಚಹಾ. ಮೊದಲು ಮೂಗಿಗೆ ಹಿಡಿದೆ. ಸೌಮ್ಯವಾದ ಹೂವಿನ ಪರಿಮಳ. ಸೊರ್ ಎಂದು ಸದ್ದು ಮಾಡಿ ಒಂದು ಗುಟುಕು ಎಳೆದೆ. ಹೀಗೆ ಗಾಳಿಯ ಜೊತೆ ಎಳೆದರೆ ಪರಿಮಳ ಮೂಗಿಗೂ ಹತ್ತುತ್ತದೆ, ಚಹಾ ಪರೀಕ್ಷಕರೂ ಹೀಗೇ ಮಾಡುತ್ತಾರೆ. ಕಹಿಯಿಲ್ಲ. ನುಂಗಿದ ಮೇಲೆ ಬಾಯಲ್ಲಿ ತೆಳುವಾದ ಸಿಹಿ. ಸಕ್ಕರೆ ಬಿಟ್ಟು ವರ್ಷವಾಗಿದ್ದ ನಾಲಿಗೆಗೆ ಅದು ಹಬ್ಬ.

ಎಲೆ ಎಸೆಯಬೇಡಿ. ಅದೇ ಎಲೆಗೆ ಮತ್ತೆ ಬಿಸಿನೀರು ಹಾಕಬಹುದು. ಮೊಮ್ಮಗಳ ಪುಸ್ತಕದಲ್ಲಿ ಹೀಗಿದೆ: ‘ಮೊದಲ ಸಲ: ಹೂವು. ಎರಡನೇ ಸಲ: ಹುರಿದ ಕಡಲೆ. ಮೂರನೇ ಸಲ: ಜೇನು. ನಾಲ್ಕನೇ ಸಲ: ಮಳೆ ಬಂದು ನಿಂತ ಹಾಗೆ.’ ಮೂರನೇ ಸಲ ನಾಲ್ಕು ನಿಮಿಷ, ನಾಲ್ಕನೇ ಸಲ ಐದು ನಿಮಿಷ ಬಿಟ್ಟೆವು. ಕೊನೆಗೆ ನೆನೆದು ಅರಳಿದ ಎಲೆಯನ್ನು ಬಸಿಯ ಮೇಲೆ ಹರಡಿದಳು. “ಅಜ್ಜ, ಅಂಚು ಕೆಂಪಿದೆ!” ಎಂದು ಕೂಗಿದಳು.

ಅಜ್ಜ-ಅಜ್ಜಿಯರಿಗೊಂದು ಮಾತು. ಇದು ಔಷಧವಲ್ಲ, ಗುಳಿಗೆ ಬಿಡಬೇಡಿ. ಇದರಲ್ಲೂ ಕೆಫೀನ್ ಇದೆ, ರಾತ್ರಿ ಕುಡಿದರೆ ನಿದ್ದೆ ಕೆಡಬಹುದು. ಆಹಾರದ ಕಬ್ಬಿಣದಂಶ ಮೈಗೆ ಹತ್ತುವುದನ್ನು ಚಹಾ ತಗ್ಗಿಸುತ್ತದೆ, ಊಟದ ಜೊತೆ ಬೇಡ. ಮಕ್ಕಳಿಗೆ ರುಚಿ ನೋಡಲು ಒಂದೆರಡು ಗುಟುಕು ಸಾಕು.

ಒಂದು ಲೋಟ ಮುಗಿಸಿ ಎದ್ದುಹೋಗುವ ಚಹಾ ಇದಲ್ಲ. ನಾಲ್ಕು ಸಲ ಸೋಸುವಷ್ಟರಲ್ಲಿ ಒಂದು ತಾಸು ಕಳೆಯುತ್ತದೆ. ಹಾಗಾಗಿ ನಾನು ಮತ್ತೆ ಕಟ್ಟೆಗೆ ಬಂದೆ. ನೆರೆಯವರು “ಏನ್ರೀ ಮಾಸ್ತರ, ಬಿಸಿನೀರ ಕುಡ್ಯಾಕ ಹತ್ತೀರಿ?” ಎಂದು ನಕ್ಕರು. ನಗಲಿ ಬಿಡಿ.

ಮೊಮ್ಮಗಳು ಮೈಸೂರಿಗೆ ಮರಳಿದ್ದಾಳೆ. ನಮ್ಮ ಒಲೆಯ ಮೇಲೆ ಈಗ ನಾಲ್ಕು ಗಂಟೆಗೆ ಎರಡು ಪಾತ್ರೆ. ಒಂದು ಹೆಂಡತಿಯ ಶುಂಠಿ ಚಹಾದ್ದು, ಇನ್ನೊಂದು ನನ್ನ ಬಿಸಿನೀರಿನದು. ಆಕೆ ಇನ್ನೂ ಇದನ್ನು ಕಷಾಯ ಎಂದೇ ಕರೆಯುತ್ತಾಳೆ. ಆದರೆ ಮೂರನೇ ಸಲ ಸೋಸಿದಾಗ ಅವಳ ಬಸಿ ನನ್ನ ಕಡೆ ಸರಿಯುತ್ತದೆ. ಶಾಲೆಯಿಲ್ಲದ ದಿನ ಅದೇ ಹೊತ್ತಿಗೆ ಫೋನ್ ಬರುತ್ತದೆ.

“ಅಜ್ಜ, ಮಗ್ಗಿ ಎಲ್ಲಿಗೆ ಬಂತು?”

“ಏಳರದು ನಡೀತೈತಿ, ಪುಟ್ಟಿ. ನೀನೂ ಹೇಳು.”