ಮುಖ ಕಾಣದ ಕಟ್ಟೆಯ ಮರ್ಯಾದೆ

ಭೈರವನದುರ್ಗದ ಬೆಟ್ಟಕ್ಕೆ ಸಮೀಪವಿರುವ ಕುದೂರು, ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರ. ಇಂತಹ ಊರುಗಳಲ್ಲಿ ಬಹುಕಾಲ ಅರಳಿಕಟ್ಟೆಯೇ ಚರ್ಚೆಯ ಸಭಾಂಗಣ. ಮಳೆಯ ಕಣ್ಣಾಮುಚ್ಚಾಲೆ, ರಾಗಿಯ ಬೆಲೆ, ಪಂಚಾಯಿತಿಯ ರಾಜಕೀಯ ಎಲ್ಲವೂ ಅಲ್ಲಿಯೇ ವಿಚಾರಣೆಗೆ ಬರುತ್ತಿದ್ದವು. ಕಟ್ಟೆಗೆ ಬರೆದಿಟ್ಟ ನಿಯಮಾವಳಿ ಇರಲಿಲ್ಲ; ಆದರೆ ನಿಯಮಗಳಿದ್ದವು. ಮಾತು ಹದ ತಪ್ಪಿದರೆ ಹಿರಿಯರೊಬ್ಬರು ‘ಸಾಕು ಬಿಡಪ್ಪ’ ಎನ್ನುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಎದುರಿಗೊಂದು ಮುಖವಿರುತ್ತಿತ್ತು. ಅದು ಬಾಡಿದ್ದು ಕಂಡೊಡನೆ ನಾಲಿಗೆ ತಾನಾಗಿ ಮೆತ್ತಗಾಗುತ್ತಿತ್ತು.

ಹಾಗೆಂದು ಕಟ್ಟೆಯನ್ನು ಸುಮ್ಮನೆ ಹೊಗಳಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗ ದೊರೆತದ್ದು ಅಪರೂಪ. ಜಾತಿಯ ಕಾರಣಕ್ಕೆ ದೂರ ನಿಲ್ಲಬೇಕಾದವರೂ ಇದ್ದರು. ಇಂದು ಮೊಬೈಲಿನ ವಾಟ್ಸ್‌ಆ್ಯಪ್ ಗುಂಪು ಆ ಬಾಗಿಲನ್ನು ತೆರೆದಿದೆ. ಊರು ಬಿಟ್ಟು ಬೆಂಗಳೂರು ಸೇರಿದವರೂ ಈಗ ಅದೇ ಮಾತಿಗೆ ದನಿಗೂಡಿಸಬಲ್ಲರು. ಒಂದು ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿರಬಹುದು. ಕಟ್ಟೆ ಹಿಗ್ಗಿದೆ, ಮುಖ ಮಾತ್ರ ಮರೆಯಾಗಿದೆ.

ಇದರ ಬೆಲೆಯನ್ನು ಕರ್ನಾಟಕ ತೆತ್ತಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪೊಂದು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ವದಂತಿ ಹರಡಿದ್ದು ವಾಟ್ಸ್‌ಆ್ಯಪ್ ಮೂಲಕ. ಅದನ್ನು ಮುಂದೂಡಿದವರಲ್ಲಿ ಬಹುಪಾಲು ಮಂದಿ ಕೊಲೆಗಡುಕರಾಗಿರಲಾರರು. ನಾಲ್ಕು ಜನರನ್ನು ಎಚ್ಚರಿಸುತ್ತಿದ್ದೇವೆಂದೇ ಭಾವಿಸಿದ್ದಿರಬೇಕು.

ಆದ್ದರಿಂದ ಗುಂಪಿನ ಶಿಷ್ಟಾಚಾರವೆಂದರೆ ಬರಿಯ ನಯವಿನಯವಲ್ಲ. ಅದರ ಅರ್ಧಭಾಗ ಸ್ವಭಾವದ್ದಾದರೆ ಉಳಿದರ್ಧ ಉಪಕರಣದ ತಿಳಿವಳಿಕೆ. ಮುರ್ಕಿಯ ಘಟನೆ ನಡೆದ ತಿಂಗಳಲ್ಲೇ ಬೇರೆಡೆಯಿಂದ ಬಂದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಗುರುತು ಬಂತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿಯೂ ಬಂತು. ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಈ ಪುಟ್ಟ ಬಾಣದ ಭಾಷೆ ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ತಿಳಿಯದವರು, ಕಳುಹಿಸಿದ ಆತ್ಮೀಯರೇ ಅದನ್ನು ಬರೆದರೆಂದು ನಂಬುತ್ತಾರೆ. ಯಾವ ಮಾತಿಗೆ ಉತ್ತರಿಸುತ್ತಿದ್ದೇವೆಂದು ತೋರಿಸುವ ‘ರಿಪ್ಲೈ’, ಗದ್ದಲವೆನಿಸಿದಾಗ ಜಗಳವಾಡದೆ ದೂರವಿರಲು ‘ಮ್ಯೂಟ್’, ಕಾವೇರಿದಾಗ ಅಡ್ಮಿನ್ ಮಾತ್ರ ಬರೆಯುವಂತೆ ಮಾಡುವ ವ್ಯವಸ್ಥೆ: ಇವು ಕಟ್ಟೆಯ ಹಿರಿಯರ ‘ಸಾಕು ಬಿಡಪ್ಪ’ ಎಂಬ ಮಾತಿನ ಹೊಸ ರೂಪಗಳು.

ಸ್ವಭಾವದ ಪಾಠವಂತೂ ಹಳೆಯದು. 1995ರಲ್ಲಿ, ಇಂಟರ್‌ನೆಟ್ ಬಳಕೆದಾರರಿಗಾಗಿ ಆರ್‌ಎಫ್‌ಸಿ 1855 ಎಂಬ ಮಾರ್ಗಸೂಚಿ ಹೊರಬಂತು. ಹೊಸಬರು ಒಂದೆರಡು ತಿಂಗಳು ಓದಿ, ಗುಂಪಿನ ರೀತಿನೀತಿ ಅರಿತು ಬಳಿಕ ಬರೆಯಬೇಕು. ಭಾವೋದ್ವೇಗದ ಉತ್ತರವನ್ನು ಕಳುಹಿಸುವ ಮುನ್ನ ಒಂದು ರಾತ್ರಿ ಕಾಯಬೇಕು ಎಂದು ಅದು ಹೇಳಿತು. ದೊಡ್ಡಕ್ಷರಗಳಲ್ಲಿ ಬರೆಯುವುದು ಕಿರುಚಿದಂತೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಕನ್ನಡ ಲಿಪಿಗೆ ದೊಡ್ಡಕ್ಷರವಿಲ್ಲ. ನಮ್ಮ ಕಿರುಚಾಟ ಏಕವಚನದಲ್ಲಿದೆ. ‘ನೀವು’ ಎಂಬುದು ‘ನೀನು’ ಆದ ಕ್ಷಣಕ್ಕೆ ಚರ್ಚೆ ಮುಗಿದು ಜಗಳ ಮೊದಲಾಗಿರುತ್ತದೆ. ಭಿನ್ನಾಭಿಪ್ರಾಯ ಎಷ್ಟೇ ತೀವ್ರವಾಗಿರಲಿ, ಬಹುವಚನವನ್ನು ಕೈಬಿಡದಿದ್ದರೆ ಮರಳಿ ಮಾತನಾಡುವ ದಾರಿ ಉಳಿದಿರುತ್ತದೆ.

ಅಡ್ಮಿನ್ ಇದ್ದಾರಲ್ಲ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಬರೆದವರ ಮಾತು ಬರೆದವರದೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಗಾದೆ. ಕಟ್ಟೆಯ ಮಟ್ಟಿಗೆ ಅದು ಸರಿ. ಈ ಹೊಸ ಕಟ್ಟೆಯಲ್ಲಿ ಆಡಿದ ಮಾತು ಹೋಗುವುದೇ ಇಲ್ಲ. ನಾವು ಅಳಿಸಿದರೂ ಅದರ ಚಿತ್ರ ಇನ್ನೊಬ್ಬರ ಫೋನಿನಲ್ಲಿ ಉಳಿದಿರುತ್ತದೆ. ಕಳುಹಿಸುವ ಗುಂಡಿಯ ಮೇಲೆ ಬೆರಳಿಡುವ ಮುನ್ನ, ಓದುವವರ ಮುಖವನ್ನೊಮ್ಮೆ ಕಣ್ಣೆದುರು ತಂದುಕೊಳ್ಳೋಣ. ಕಟ್ಟೆ ನಮಗೆ ಕಲಿಸಿದ್ದು ಅದನ್ನೇ.