ಹತ್ತುವಾಗ ಎದೆ, ಇಳಿಯುವಾಗ ಮಂಡಿ

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಚಿಕ್ಕಬಳ್ಳಾಪುರದ ಕಡೆಯಿಂದ ನೋಡಿದರೆ ಕಳವಾರದ ಬೆಟ್ಟವೂ ಹಾಗೆಯೇ ಕಾಣುತ್ತದೆ. ಸ್ಕಂದಗಿರಿ, ಕಳವಾರ ದುರ್ಗ ಎಂಬ ಹೆಸರುಗಳೂ ಇರುವ ಈ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,450 ಮೀಟರ್. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯಲ್ಲಿ ಹಳೆಯ ಕೋಟೆಯ ಅವಶೇಷ ಮತ್ತು ಒಂದು ಗುಡಿ. ಬೆಂಗಳೂರಿನಿಂದ ಎರಡು ಗಂಟೆಯೊಳಗೆ ತಲುಪಬಹುದಾದ್ದರಿಂದ ಮೊದಲ ಬಾರಿಗೆ ಚಾರಣಕ್ಕೆ ಹೊರಡುವ ಎಷ್ಟೋ ಜನ ಆರಿಸಿಕೊಳ್ಳುವುದು ಇದನ್ನೇ.

ಹೊರಡುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ನನ್ನಿಂದ ಹತ್ತಲು ಆಗುತ್ತದೆಯೇ?' ಇಳಿಯಲು ಆಗುತ್ತದೆಯೇ ಎಂದು ಕೇಳುವವರು ಕಡಿಮೆ. ಆದರೆ ಮರುದಿನ ಮನೆಯ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದು ನಿಲ್ಲುವಂತೆ ಮಾಡುವುದು ಇಳಿಯುವ ದಾರಿಯೇ. ಕಾಲು ಉಳುಕುವುದು, ಜಾರಿ ಬೀಳುವುದು ಕೂಡ ಹೆಚ್ಚಾಗಿ ಇಳಿಯುವಾಗಲೇ.

ಹತ್ತುವಾಗ ಆಗುವುದೇನು?

ಬುಡದಿಂದ ನೆತ್ತಿಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿ. ಅಷ್ಟರಲ್ಲಿ ಏರಬೇಕಾದ ಎತ್ತರ 500 ಮೀಟರಿಗೆ ಹತ್ತಿರ. ಒಂದು ಮಹಡಿಗೆ ಮೂರು ಮೀಟರ್ ಎಂದು ಲೆಕ್ಕ ಹಾಕಿದರೆ ಇದು 150ಕ್ಕೂ ಹೆಚ್ಚು ಮಹಡಿ ಹತ್ತಿದ ಹಾಗೆ. ಪ್ರತಿ ಹೆಜ್ಜೆಗೂ ಇಡೀ ದೇಹದ ಭಾರವನ್ನು ಮೇಲಕ್ಕೆತ್ತಬೇಕು. ತೊಡೆ ಮತ್ತು ಮೀನಖಂಡದ ಸ್ನಾಯುಗಳು ಹೆಚ್ಚು ಆಮ್ಲಜನಕ ಬೇಡುತ್ತವೆ, ಹೃದಯ ವೇಗವಾಗಿ ಬಡಿಯುತ್ತದೆ, ಏದುಸಿರು ಬರುತ್ತದೆ. ಆರೋಗ್ಯವಂತರಿಗೆ ಇದರಿಂದ ಅಪಾಯವಿಲ್ಲ. ನಿಂತು ಸುಧಾರಿಸಿಕೊಂಡರೆ ಕೆಲವೇ ನಿಮಿಷಗಳಲ್ಲಿ ಉಸಿರು ಹದಕ್ಕೆ ಬರುತ್ತದೆ.

ವೇಗ ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರವೇನೂ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಧಾನಿಸಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಗುಂಪಿನ ವೇಗವಾಗಿರಲಿ.

ಇಳಿಯುವಾಗ ಆಗುವುದೇನು?

ಇಳಿಯುವಾಗ ಏದುಸಿರು ಇರುವುದಿಲ್ಲ. ಆದ್ದರಿಂದ ಶ್ರಮವೇ ಇಲ್ಲ ಎಂದು ಅನ್ನಿಸುತ್ತದೆ. ಅಟ್ಟದ ಮೇಲಿನ ಮೂಟೆಯನ್ನು ಹಗ್ಗ ಕಟ್ಟಿ ಇಳಿಸುವುದನ್ನು ನೆನಪಿಸಿಕೊಳ್ಳಿ. ಮೂಟೆ ಕೆಳಗೆ ಹೋಗುವುದು ತನ್ನ ಭಾರದಿಂದಲೇ; ಆದರೂ ಹಗ್ಗವನ್ನು ಬಿಗಿಹಿಡಿದು ಸ್ವಲ್ಪಸ್ವಲ್ಪವೇ ಬಿಡುವವನ ಕೈ ಸೋಲುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಇದೇ ಕೆಲಸ. ಅದು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಾ ದೇಹದ ಭಾರವನ್ನು ತಡೆಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗ ಅತಿ ಸೂಕ್ಷ್ಮವಾದ ಹರಿತಗಳಾಗುತ್ತವೆ. ನೋವು ಕೂಡಲೇ ಕಾಣಿಸುವುದಿಲ್ಲ. ಮರುದಿನ ಶುರುವಾಗಿ ಎರಡನೆಯ, ಮೂರನೆಯ ದಿನಕ್ಕೆ ಏರುತ್ತದೆ, ವಾರದೊಳಗೆ ಇಳಿಯುತ್ತದೆ.

ಮಂಡಿಯ ಮೇಲೂ ಇದೇ ಹೊತ್ತಿನಲ್ಲಿ ಹೆಚ್ಚು ಒತ್ತಡ ಬೀಳುತ್ತದೆ. ಸ್ನಾಯು ಸೋತಷ್ಟೂ ಹೊಡೆತವನ್ನು ಕೀಲು ತಿನ್ನುತ್ತದೆ. ದಣಿದ ಕಾಲು ಇಟ್ಟ ಕಡೆ ನಿಲ್ಲುವುದಿಲ್ಲ. ಬಂಡೆಯ ಮೇಲೆ ಹರಡಿರುವ ಸಣ್ಣ ಕಲ್ಲು, ಮರಳು ಕೂಡಿದರೆ ಕೇಳಬೇಕೇ?

ಇಳಿಯುವುದರಿಂದ ಲಾಭವೂ ಇದೆ

ಇಳಿಯುವುದು ಬರೀ ಕಾಟವೆಂದು ತಿಳಿಯಬೇಡಿ. ಆಸ್ಟ್ರಿಯಾ ದೇಶದ ವೈದ್ಯರು 2004ರಲ್ಲಿ ಒಂದು ಕುತೂಹಲಕರ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವ್ಯಾಯಾಮದ ರೂಢಿಯಿಲ್ಲದ 45 ಜನ ಆರೋಗ್ಯವಂತರು ಎರಡು ತಿಂಗಳು ಬೆಟ್ಟವನ್ನು ನಡೆದು ಹತ್ತಿ ಕೇಬಲ್ ಕಾರಿನಲ್ಲಿ ಇಳಿದರು. ಇನ್ನೆರಡು ತಿಂಗಳು ಕೇಬಲ್ ಕಾರಿನಲ್ಲಿ ಹತ್ತಿ ನಡೆದು ಇಳಿದರು. ಹತ್ತಿದಾಗ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕಡಿಮೆಯಾಗಿತ್ತು. ಇಳಿದಾಗ ದೇಹ ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿ ಹೆಚ್ಚಿತ್ತು. ಕೆಟ್ಟ ಕೊಲೆಸ್ಟರಾಲ್ ಎರಡರಿಂದಲೂ ಇಳಿದಿತ್ತು.

ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ಒಮ್ಮೆ ಇಳಿಜಾರಿನಲ್ಲಿ ನಡೆದು ನೊಂದ ಸ್ನಾಯು ಮುಂದಿನ ಕೆಲವು ವಾರಗಳಲ್ಲಿ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಮೊದಲೇ ಸ್ವಲ್ಪಸ್ವಲ್ಪವಾಗಿ ಇಳಿಯುವ ಅಭ್ಯಾಸ ಮಾಡಿಕೊಂಡರೆ ಚಾರಣದ ಮರುದಿನದ ಗೋಳು ತಪ್ಪುತ್ತದೆ.

ನಾಲ್ಕು ವಾರದ ತಯಾರಿ

ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷದ ವ್ಯಾಯಾಮ ಇಷ್ಟರಲ್ಲೇ ಆಗುತ್ತದೆ. ವಾರದಲ್ಲಿ ಎರಡು ದಿನ ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯದೆ ಮೆಟ್ಟಿಲಿನಲ್ಲೇ ನಿಧಾನವಾಗಿ ಇಳಿಯಿರಿ. ಮನೆಯಲ್ಲಿ ಕುರ್ಚಿಯ ಮುಂದೆ ನಿಂತು, ಒಂದರಿಂದ ನಾಲ್ಕು ಎಣಿಸುತ್ತಾ ನಿಧಾನವಾಗಿ ಕುಳಿತು ಮತ್ತೆ ಏಳಿ. ಹತ್ತು ಬಾರಿ ಸಾಕು. ಮೂರನೆಯ ವಾರ ಬೆನ್ನಿಗೆ ಎರಡು ಲೀಟರ್ ನೀರಿನ ಭಾರ ಸೇರಿಸಿ. ಕೊನೆಯ ವಾರ ಅಭ್ಯಾಸ ತಗ್ಗಿಸಿ, ಕಾಲಿಗೆ ವಿಶ್ರಾಂತಿ ಕೊಡಿ. ಹೊಸ ಬೂಟನ್ನು ಬೆಟ್ಟದಲ್ಲೇ ಮೊದಲು ತೊಡಬೇಡಿ. ಈ ನಾಲ್ಕು ವಾರವೂ ಅದನ್ನೇ ಹಾಕಿ ನಡೆದಿರಿ.

ಯಾರು ವೈದ್ಯರನ್ನು ಕೇಳಬೇಕು?

ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ನಲವತ್ತು ದಾಟಿದ್ದು, ಇದುವರೆಗೆ ವ್ಯಾಯಾಮವೇ ಇಲ್ಲದವರು, ಧೂಮಪಾನ ಮಾಡುವವರು ಕೂಡ ಒಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಲೇಸು. ಬೆಟ್ಟಕ್ಕೆ ಹೋಗುವ ದಿನವೆಂದು ಮಾತ್ರೆ ಬಿಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲೇಬೇಕು. ಮೈ ನಡುಕ, ಬೆವರು, ತಲೆಸುತ್ತು ಬಂದರೆ ಕೂಡಲೇ ತಿನ್ನಬೇಕು. ಸಕ್ಕರೆಯ ಮಟ್ಟ ಮನೆಗೆ ಬಂದ ಮೇಲೆ, ರಾತ್ರಿಯಲ್ಲೂ ಇಳಿಯಬಹುದು.

ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು ಕಾಣಿಸಿಕೊಂಡರೆ ಅದನ್ನು ದಣಿವೆಂದು ತಳ್ಳಿಹಾಕಬೇಡಿ. ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡಿಸಿ. 'ಇನ್ನೇನು ನೆತ್ತಿ ಬಂತು' ಎಂಬ ಜೊತೆಗಾರರ ಒತ್ತಾಯಕ್ಕೆ ಮಣಿಯಬೇಡಿ.

ಹೊರಟ ದಿನ

ಕಳವಾರದ ಚಾರಣಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ಅನುಮತಿ ಇದೆಯೇ, ಸಮಯ ಯಾವುದು ಎಂದು ನೋಡಿಕೊಂಡೇ ಹೊರಡಿ. ಅನುಮತಿಯಿಲ್ಲದೆ ಕತ್ತಲಲ್ಲಿ ಹತ್ತುವ ಸಾಹಸ ಬೇಡ.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಬಾಯಾರಿಕೆ ಆದಾಗಲೆಲ್ಲ ಗುಟುಕು ಗುಟುಕಾಗಿ ಕುಡಿಯಿರಿ. ಹುರಿದ ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು ಸಾಕು. ಹೊಟ್ಟೆ ತುಂಬ ಉಂಡು ಹತ್ತಬೇಡಿ. ಬಂಡೆಗಳಿರುವ ಬೆಟ್ಟದಲ್ಲಿ ಹೆಜ್ಜೇನು ಇರಬಹುದು. ಹೊಗೆ ಎಬ್ಬಿಸುವುದು, ಕಲ್ಲು ಹೊಡೆಯುವುದು ಬೇಡ.

ಇಳಿಯಲು ಹೊರಡುವ ಮೊದಲು ಕಾಲು ಗಂಟೆ ಕುಳಿತು ಏನಾದರೂ ತಿನ್ನಿ. ಬೂಟಿನ ದಾರ ಬಿಗಿಮಾಡಿ, ಬೆರಳು ಮುಂದಕ್ಕೆ ಜಾರಿ ಉಗುರು ನೋಯುವುದಿಲ್ಲ. ಮಂಡಿಯನ್ನು ಸ್ವಲ್ಪ ಬಾಗಿಸಿ ಚಿಕ್ಕ ಹೆಜ್ಜೆ ಇಡಿ. ಓಡಬೇಡಿ. ಕಡಿದಾದ ಕಡೆ ನೇರವಾಗಿ ಇಳಿಯದೆ ಅಡ್ಡಡ್ಡವಾಗಿ ಇಳಿಯಿರಿ. ಕೈಯಲ್ಲಿ ಕೋಲಿರಲಿ. ಕುರಿ ಮೇಯಿಸುವವರು ಕೋಲಿಲ್ಲದೆ ಬೆಟ್ಟ ಹತ್ತುವುದಿಲ್ಲ. ಆ ಬುದ್ಧಿಯನ್ನು ವಿಜ್ಞಾನವೂ ಒಪ್ಪಿದೆ. ಇಳಿಯುವಾಗ ಎರಡೂ ಕೈಗಳಲ್ಲಿ ಕೋಲು ಬಳಸಿದರೆ ಮಂಡಿಯ ಮೇಲಿನ ಒತ್ತಡ ಶೇಕಡಾ 12ರಿಂದ 25ರಷ್ಟು ತಗ್ಗುತ್ತದೆ ಎಂದು 1999ರ ಒಂದು ಅಧ್ಯಯನ ಅಳೆದು ತೋರಿಸಿತು.

ಮನೆಗೆ ಬಂದ ಮೇಲೆ

ಮೈಕೈ ನೋವಿಗೆ ಬಿಸಿನೀರಿನ ಸ್ನಾನ, ಹಗುರವಾದ ನಡಿಗೆ, ಒಳ್ಳೆಯ ನಿದ್ದೆ ಸಾಕು. ನೀರು ಸಾಲದೆ ಬಳಲಿದ ಮೈಗೆ ನೋವಿನ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಕೆಡುಕಾಗಬಹುದು. ಕಾಲು ಉಳುಕಿ ಊದಿದ್ದರೆ ಉಜ್ಜಿ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಕಾಲನ್ನು ಎತ್ತರದಲ್ಲಿಡಿ. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಎಕ್ಸ್-ರೇ ಬೇಕಾಗಬಹುದು. ವಿಪರೀತ ನೋವಿನ ಜೊತೆಗೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಸ್ನಾಯುವಿನ ಒಡಕಿನಿಂದ ಹೊರಬಂದ ವಸ್ತು ಮೂತ್ರಪಿಂಡವನ್ನು ತಟ್ಟುತ್ತಿದೆ ಎಂಬುದರ ಸೂಚನೆ ಅದು.

ಬೆಟ್ಟ ಹತ್ತುವುದು ಅಗ್ಗದ ವ್ಯಾಯಾಮ. ಮಕ್ಕಳು ದೊಡ್ಡವರು ಸೇರಿ ಮಾಡಬಹುದಾದ ವ್ಯಾಯಾಮ. ನೆತ್ತಿ ಮುಟ್ಟಿದಾಗ ಅರ್ಧ ದಾರಿ ಮುಗಿದಿರುತ್ತದೆ, ಅಷ್ಟೇ. ಉಳಿದ ಅರ್ಧಕ್ಕೆ ಬೇಕಾದ ಶಕ್ತಿ, ನೀರು ಮತ್ತು ಬೆಳಕನ್ನು ಉಳಿಸಿಕೊಂಡು ಹತ್ತಿರಿ.